28 ಅಡಿ ಸ್ಲೂಪ್: ಶ್ರೌಡ್ ಎಷ್ಟು ಬಿಗಿ ಇರಬೇಕು, ಅಳೆಯುವುದು ಹೇಗೆ?

ತೆರೆನೊರೆ:

ಎಲ್ಲರಿಗೂ ನಮಸ್ಕಾರ. ರಿಗ್ (ಮಾಸ್ಟ್ ಎಂಬ ಹಾಯಿಕಂಬ, ಅದನ್ನು ಹಿಡಿದಿರುವ ತಂತಿಗಳು) ಬಿಗಿಯುವ ಬಗ್ಗೆ ಕೇಳಿದಾಗಲೆಲ್ಲ "ತೀರಾ ಸಡಿಲ ಬೇಡ, ತೀರಾ ಬಿಗಿಯೂ ಬೇಡ" ಎನ್ನುತ್ತಾರೆ. ನನಗೆ ಅಂಕಿ ಬೇಕು.

ಹಾಯಿದೋಣಿ 28 ಅಡಿಯದು, ಮಾಸ್ಟ್‌ಹೆಡ್ ಸ್ಲೂಪ್, ಅಂದರೆ ಒಂದೇ ಮಾಸ್ಟ್, ಮುಂದಿನ ತಂತಿ ಅದರ ತುದಿಯವರೆಗೂ ಹೋಗುತ್ತದೆ. ಅಲ್ಯುಮಿನಿಯಂ ಮಾಸ್ಟ್ ಡೆಕ್ ಮೇಲೆ ನಿಲ್ಲುವಂಥದ್ದು, ಎತ್ತರ ಸುಮಾರು 10.5 ಮೀಟರ್. ಒಂದೇ ಜೋಡಿ ಸ್ಪ್ರೆಡರ್ (ತಂತಿಯನ್ನು ಮಾಸ್ಟ್‌ನಿಂದ ದೂರ ಹಿಡಿಯುವ ಅಡ್ಡತೋಳು), ನೇರ ಅಡ್ಡಕ್ಕಿದೆ, ಹಿಂದಕ್ಕೆ ಓರೆಯಾಗಿಲ್ಲ. ಮಾಸ್ಟನ್ನು ಪಕ್ಕದಿಂದ ಹಿಡಿಯುವ ಶ್ರೌಡ್ ತಂತಿಗಳಲ್ಲಿ, ಪ್ರತಿ ಬದಿಗೆ ತುದಿಯವರೆಗೆ ಹೋಗುವ ಕ್ಯಾಪ್ ಶ್ರೌಡ್ ಒಂದು, ಸ್ಪ್ರೆಡರ್ ಬಳಿಯವರೆಗೆ ಹೋಗುವ ಲೋವರ್ ಎರಡು: ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ತಂತಿಯೆಲ್ಲ 6 ಮಿಮೀ 1×19 (19 ಎಳೆಯ) ಸ್ಟೇನ್‌ಲೆಸ್, ಬಿಗಿಯಲು ತಿರುಗಿಸುವ ಟರ್ನ್‌ಬಕಲ್‌ಗಳು ಅರ್ಧ ಇಂಚಿನವು. ಫೋರ್‌ಸ್ಟೇ (ಮಾಸ್ಟ್‌ನ ತುದಿಯಿಂದ ಮೂತಿಗೆ ಹೋಗುವ ತಂತಿ) ಮೇಲೆ ಮುಂದಿನ ಹಾಯಿ ಸುತ್ತಿಡುವ ರೋಲರ್ ಫರ್ಲರ್ ಕೂತಿದೆ.

ತೊಂದರೆ ಎರಡು. ಗಾಳಿ 12-13 ನಾಟ್ ದಾಟಿದ ಕೂಡಲೇ ಮರೆಬದಿಯ (ಗಾಳಿ ಬರುವ ಕಡೆಯಲ್ಲದ ಬದಿಯ) ಕ್ಯಾಪ್ ಶ್ರೌಡ್ ಸಡಿಲವಾಗಿ ಆಡುತ್ತದೆ. ಜಿಬ್‌ನ (ಮುಂದಿನ ಹಾಯಿಯ) ಮುಂದಿನಂಚು ಮರೆಬದಿಗೆ ಬಾಗಿ ಹಾಯಿ ಹೊಟ್ಟೆ ಬಿಡುತ್ತದೆ, ದೋಣಿ ಗಾಳಿಗೆ ಹತ್ತಿರವಾಗಿ ಏರುವುದಿಲ್ಲ. ಆದರೆ ದಡಕ್ಕೆ ಕಟ್ಟಿದ್ದಾಗ ಕೈಯಿಂದ ತಳ್ಳಿ ನೋಡಿದರೆ ಎಲ್ಲ ತಂತಿಯೂ ಬಿಗಿಯಾಗಿಯೇ ಇದೆ ಅನ್ನಿಸುತ್ತದೆ. ಇನ್ನೂ ಬಿಗಿದರೆ ಡೆಕ್‌ಗೋ ತಂತಿಯನ್ನು ಒಡಲಿಗೆ ಕಟ್ಟುವ ಚೈನ್‌ಪ್ಲೇಟ್‌ಗೋ ಪೆಟ್ಟಾದೀತು ಎಂದು ಮುಂದುವರಿದಿಲ್ಲ. ಟೆನ್ಷನ್ ಗೇಜ್ ಇಲ್ಲ.

ಎಷ್ಟು ಕೆಜಿ ಎಳೆತ ಇರಬೇಕು? ಗೇಜ್ ಇಲ್ಲದೆ ಅಳೆಯಲು ಸಾಧ್ಯವೇ? ಯಾವ ತಂತಿಯಿಂದ ಶುರು ಮಾಡಬೇಕು?

---

ಹಗ್ಗಗಂಟು:

ತೆರೆನೊರೆ ಅವರೇ, ನಿಮ್ಮ ರಿಗ್ ಸಡಿಲ ಇದೆ, ಅದರಲ್ಲಿ ಅನುಮಾನವಿಲ್ಲ. 6 ಮಿಮೀ 1×19 ತಂತಿ ತುಂಡಾಗಲು ಸುಮಾರು 2,800 ಕೆಜಿ ಬೇಕು. ಕ್ಯಾಪ್ ಶ್ರೌಡ್‌ನಲ್ಲಿ ಅದರ 15ರಿಂದ 20 ಶೇಕಡಾ, ಅಂದರೆ 420ರಿಂದ 560 ಕೆಜಿ, ದೋಣಿ ಸುಮ್ಮನೆ ನಿಂತಿರುವಾಗಲೇ ಇರಬೇಕು. 25 ಶೇಕಡಾ ಮೇಲಿನ ಗಡಿ, ಅದನ್ನು ದಾಟಬೇಡಿ. ಕೈಯಿಂದ ತಳ್ಳಿ ನೋಡಿದಾಗ 150 ಕೆಜಿಯ ತಂತಿಯೂ 400 ಕೆಜಿಯ ತಂತಿಯೂ ಹೆಚ್ಚು ಕಡಿಮೆ ಒಂದೇ ಥರ ಅನ್ನಿಸುತ್ತವೆ, ಹಾಗಾಗಿ ಆ ಪರೀಕ್ಷೆಯನ್ನು ನಂಬಬೇಡಿ.

ಹೆಚ್ಚು ಬಿಗಿದಷ್ಟೂ ತಂತಿಗೆ ಹೆಚ್ಚು ಕಷ್ಟ ಎಂಬ ಭಯ ಬಹಳ ಜನರಿಗಿದೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಎರಡೂ ಬದಿಯಲ್ಲಿ 420 ಕೆಜಿ ಇದೆ ಎಂದುಕೊಳ್ಳಿ. ಹಾಯಿಗೆ ಗಾಳಿ ತುಂಬಿ, ಎರಡು ಶ್ರೌಡ್‌ಗಳ ನಡುವೆ 600 ಕೆಜಿ ವ್ಯತ್ಯಾಸ ಬೇಕಾಯಿತು. ಆಗ ಗಾಳಿಬದಿಯಲ್ಲಿ 300 ಏರಿ 720 ಆಗುತ್ತದೆ, ಮರೆಬದಿಯಲ್ಲಿ 300 ಇಳಿದು 120 ಉಳಿಯುತ್ತದೆ. ಮರೆಬದಿಯ ತಂತಿ ಇನ್ನೂ ಜೀವಂತವಾಗಿದೆ, ಮಾಸ್ಟನ್ನು ಎರಡೂ ತಂತಿ ಹಿಡಿದಿವೆ. ಈಗ ಅದೇ ರಿಗ್‌ನಲ್ಲಿ ಮೊದಲು ಬರೀ 100 ಕೆಜಿ ಇತ್ತು ಎನ್ನಿ. ವ್ಯತ್ಯಾಸ 200 ಕೆಜಿ ತಲುಪಿದಾಗಲೇ ಮರೆಬದಿ ಸೊನ್ನೆಗೆ ಬರುತ್ತದೆ. ಅಲ್ಲಿಂದ ಮುಂದೆ ಎಲ್ಲ ಭಾರವೂ ಒಂದೇ ತಂತಿಯ ಮೇಲೆ: 600 ಕೆಜಿ. ಅಂದರೆ 320 ಕೆಜಿ ಹೆಚ್ಚು ಬಿಗಿದಿದ್ದಕ್ಕೆ ಗಾಳಿಬದಿಯ ತಂತಿ ಹೊತ್ತದ್ದು ಬರೀ 120 ಕೆಜಿ ಹೆಚ್ಚು. ಅದಕ್ಕೆ ಪ್ರತಿಯಾಗಿ ಮಾಸ್ಟ್ ಪಕ್ಕಕ್ಕೆ ಬಾಗುವುದು ಎಷ್ಟೋ ಕಡಿಮೆಯಾಗುತ್ತದೆ, ಏಕೆಂದರೆ ಎರಡು ತಂತಿ ಹಿಡಿದಿರುವವರೆಗೆ ರಿಗ್‌ನ ಗಡಸುತನ ಒಂದು ತಂತಿಯದರ ದುಪ್ಪಟ್ಟು.

ಸಡಿಲ ತಂತಿಯ ನಿಜವಾದ ಕೇಡು ಬೇರೆಯೇ ಇದೆ. ಪ್ರತಿ ಅಲೆಗೂ ಅದು ಜೋಲು ಬಿದ್ದು ಮತ್ತೆ ಝಟ್ಟನೆ ಎಳೆಯಲ್ಪಡುತ್ತದೆ. ಟರ್ಮಿನಲ್‌ನ (ತಂತಿಯ ತುದಿಯ ಲೋಹದ ತುಂಡಿನ) ಬಾಯಲ್ಲಿ ತಂತಿಯ ಎಳೆಗಳು ಒಂದೊಂದಾಗಿ ಮುರಿಯುವುದು ಈ ಜಗ್ಗಾಟದಿಂದಲೇ ಹೊರತು ಒಂದೇ ಸಮನೆ ಇರುವ ಬಿಗಿಯಿಂದಲ್ಲ.

ಗೇಜ್ ಇಲ್ಲದೆ ಅಳೆಯಲು ಚೆನ್ನಾದ ದಾರಿಯಿದೆ. 1×19 ತಂತಿ 2 ಮೀಟರ್ ಉದ್ದದಲ್ಲಿ 1 ಮಿಮೀ ಹಿಗ್ಗಿದರೆ ಅದರಲ್ಲಿ ಬ್ರೇಕಿಂಗ್ ಲೋಡಿನ (ತುಂಡಾಗುವ ಭಾರದ) 5 ಶೇಕಡಾ ಎಳೆತ ಇದೆ ಎಂದರ್ಥ. ತಂತಿ ದಪ್ಪವಿರಲಿ ತೆಳ್ಳಗಿರಲಿ ಲೆಕ್ಕ ಬದಲಾಗುವುದಿಲ್ಲ. ನಿಮ್ಮದರಲ್ಲಿ 1 ಮಿಮೀ ಅಂದರೆ 140 ಕೆಜಿ. ನಿಮಗೆ ಬೇಕಾದ್ದು 3ರಿಂದ 4 ಮಿಮೀ.

2 ಮೀಟರಿನ ಮಡಿಚುವ ಸ್ಕೇಲ್ ಅಥವಾ ನೇರವಾದ ಅಲ್ಯುಮಿನಿಯಂ ಪಟ್ಟಿ ತೆಗೆದುಕೊಳ್ಳಿ. ಲೋವರ್‌ಗಳನ್ನೆಲ್ಲ ಸಡಿಲ ಮಾಡಿ, ಕ್ಯಾಪ್ ಶ್ರೌಡ್‌ಗಳನ್ನು ಸ್ಪ್ಯಾನರ್ ಇಲ್ಲದೆ ಕೈಯಲ್ಲಿ ತಿರುಗುವಷ್ಟಕ್ಕೆ ಬಿಗಿಯಿರಿ. ಇದು ನಿಮ್ಮ ಸೊನ್ನೆ. ಪಟ್ಟಿಯ ಮೇಲಿನ ತುದಿಯನ್ನು ತಂತಿಗೆ ಟೇಪ್‌ನಿಂದ ಬಲವಾಗಿ ಸುತ್ತಿ, ಜಾರಬಾರದು. ಕೆಳತುದಿ ಕೆಳಗಿನ ಟರ್ಮಿನಲ್‌ನ ಮೇಲಂಚಿಗೆ ಸರಿಯಾಗಿ ತಾಗಿ ನಿಲ್ಲಬೇಕು, ಆದರೆ ಅದನ್ನು ಎಲ್ಲಿಗೂ ಕಟ್ಟಬಾರದು. ಈಗ ಟರ್ನ್‌ಬಕಲ್ ತಿರುಗಿಸುತ್ತ ಹೋದಂತೆ ತಂತಿ ಹಿಗ್ಗಿ, ಪಟ್ಟಿಯ ತುದಿಗೂ ಟರ್ಮಿನಲ್‌ಗೂ ನಡುವೆ ಸಂದು ತೆರೆಯುತ್ತದೆ. ಆ ಸಂದನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಸ್ಕೇಲಿನ ಗೆರೆ ನೋಡಿ ಅರ್ಧ ಮಿಮೀ ತಪ್ಪಿದರೂ 70 ಕೆಜಿ ತಪ್ಪುತ್ತದೆ.

ಒಂದು ಬದಿ ಒಂದು ಸುತ್ತು, ಇನ್ನೊಂದು ಬದಿ ಒಂದು ಸುತ್ತು, ಹೀಗೆ ಸರದಿಯಲ್ಲಿ ಹೋಗಿ. ಒಂದು ಬದಿ ಬಿಗಿದರೆ ಮಾಸ್ಟ್‌ನ ತುದಿಯ ಮೂಲಕ ಇನ್ನೊಂದು ಬದಿಯೂ ಬಿಗಿಯುತ್ತದೆ, ಆದ್ದರಿಂದ ಪಟ್ಟಿ ಒಂದೇ ಬದಿಗೆ ಕಟ್ಟಿದ್ದರೂ ಸಾಕು. ಈ ಕೆಲಸ ದೋಣಿ ನೀರಿನಲ್ಲಿ ತೇಲುತ್ತಿರುವಾಗಲೇ ಮಾಡಿ. ದಡದ ಮೇಲೆ ಊರೆ ಕೊಟ್ಟು ನಿಲ್ಲಿಸಿದಾಗ ಒಡಲಿನ ಆಕಾರ ತುಸು ಬೇರೆಯಿರುತ್ತದೆ, ಅಲ್ಲಿ ಹಿಡಿದ ಅಳತೆ ನೀರಿಗಿಳಿದ ಮೇಲೆ ನಿಲ್ಲುವುದಿಲ್ಲ.

---

ಪಡುವಣ_ಗಾಳಿ:

ಹಗ್ಗಗಂಟು ಸರ್ ಹೇಳಿದ ಅಳತೆ ಸರಿಯಿದೆ. ಆದರೆ ಬಿಗಿಯುವುದಕ್ಕೆ ಮುಂಚೆ ಮಾಸ್ಟ್ ನೆಟ್ಟಗಿದೆಯೇ ಎಂದು ನೋಡಿಕೊಳ್ಳಿ. ಓರೆಯಾಗಿ ನಿಂತ ಮಾಸ್ಟನ್ನು 420 ಕೆಜಿಗೆ ಬಿಗಿದರೆ ಓರೆಯೇ ಗಟ್ಟಿಯಾಗುತ್ತದೆ.

ಮೇನ್ ಹ್ಯಾಲಿಯರ್ಡ್‌ಗೆ (ದೊಡ್ಡ ಹಾಯಿ ಏರಿಸುವ ಹಗ್ಗಕ್ಕೆ) ಸ್ಟೀಲ್ ಟೇಪ್ ಕಟ್ಟಿ ತುದಿಗೆ ಏರಿಸಿ, ಹ್ಯಾಲಿಯರ್ಡ್ ಬಿಗಿಯಾಗಿ ಕಟ್ಟಿಹಾಕಿ. ಎರಡೂ ಬದಿಯ ಕ್ಯಾಪ್ ಚೈನ್‌ಪ್ಲೇಟ್ ಪಿನ್‌ಗೆ ಅಳತೆ ತೆಗೆಯಿರಿ. ಪ್ರತಿಸಲವೂ ಒಂದೇ ಬಲದಿಂದ ಎಳೆಯಬೇಕು. ಸ್ಪ್ರಿಂಗ್ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ಬರೀ ಹಗ್ಗದ ಹ್ಯಾಲಿಯರ್ಡ್‌ನಿಂದ ಅಳೆಯಬೇಡಿ, ಅದು ಹಿಗ್ಗುತ್ತದೆ.

ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬಲ್ಲಿ ಜನ ಮೋಸಹೋಗುತ್ತಾರೆ. 10.5 ಮೀಟರ್ ಮಾಸ್ಟ್, ನಡುಗೆರೆಯಿಂದ ಚೈನ್‌ಪ್ಲೇಟ್‌ಗೆ ಸುಮಾರು 1.35 ಮೀಟರ್ ಇದ್ದರೆ, ಎರಡು ಬದಿಯ ಅಳತೆಯಲ್ಲಿ 10 ಮಿಮೀ ವ್ಯತ್ಯಾಸ ಬಂತು ಎಂದರೆ ಮಾಸ್ಟ್‌ನ ತುದಿ ಸುಮಾರು 40 ಮಿಮೀ ಪಕ್ಕಕ್ಕಿದೆ. ಕೋನ ಅಷ್ಟು ಕಿರಿದಾದ್ದರಿಂದ ಸಣ್ಣ ವ್ಯತ್ಯಾಸದ ಹಿಂದೆ ದೊಡ್ಡ ಓರೆ ಅಡಗಿರುತ್ತದೆ. 2-3 ಮಿಮೀ ಒಳಗೆ ತನ್ನಿ. ಎರಡು ಚೈನ್‌ಪ್ಲೇಟ್‌ಗಳೂ ನಡುಗೆರೆಯಿಂದ ಒಂದೇ ದೂರದಲ್ಲಿ, ಒಂದೇ ಎತ್ತರದಲ್ಲಿ ಇವೆಯೇ ಎಂಬುದನ್ನೂ ಒಮ್ಮೆ ಅಳೆದು ನೋಡಿ. ಎಲ್ಲ ಒಡಲೂ ಕರಾರುವಾಕ್ಕಾಗಿ ಸಮನಾಗಿರುವುದಿಲ್ಲ.

ಮಾಸ್ಟ್‌ನ ಹಿಂದಿನ ವಾಲು ಆಮೇಲೆ. ಹ್ಯಾಲಿಯರ್ಡ್‌ಗೆ ತೂಗುಗುಂಡು ಕಟ್ಟಿ ಬೂಮ್‌ನ (ದೊಡ್ಡ ಹಾಯಿಯ ಕೆಳಗಿನ ಅಡ್ಡತೊಲೆಯ) ಮಟ್ಟಕ್ಕೆ ಇಳಿಬಿಡಿ, ಗುಂಡು ನೀರಿನ ಬಕೆಟ್‌ನೊಳಗೆ ಇದ್ದರೆ ತೂಗಾಡುವುದಿಲ್ಲ. ದೋಣಿ ತನ್ನ ನೀರಿನ ಗೆರೆಯ ಮೇಲೆ ಸರಿಯಾಗಿ ಕೂತಿರಬೇಕು, ಜನರೆಲ್ಲ ಹಿಂದೆ ಕೂತಿರಬಾರದು. ನಿಮ್ಮ ಎತ್ತರಕ್ಕೆ ಒಂದು ಡಿಗ್ರಿ ಅಂದರೆ 18 ಸೆಂಮೀ. ಈ ಥರದ ರಿಗ್‌ಗೆ ಒಂದರಿಂದ ಎರಡು ಡಿಗ್ರಿ ಸಾಮಾನ್ಯ. ಇದನ್ನು ಫೋರ್‌ಸ್ಟೇಯ ಉದ್ದ ತೀರ್ಮಾನಿಸುತ್ತದೆ, ಬ್ಯಾಕ್‌ಸ್ಟೇ (ತುದಿಯಿಂದ ದೋಣಿಯ ಹಿಂಭಾಗಕ್ಕೆ ಹೋಗುವ ತಂತಿ) ಬಿಗಿಯುವುದಕ್ಕೆ ಇರುವುದು. ಗಾಳಿಗೆದುರು ಓಡುವಾಗ ಚುಕ್ಕಾಣಿ ತೀರಾ ಭಾರ ಎನಿಸಿದರೆ ವಾಲು ಕಡಿಮೆ ಮಾಡಬೇಕು. ಬಿಟ್ಟರೆ ಮೂತಿ ಮರೆಬದಿಗೆ ತಿರುಗುವಂತಿದ್ದರೆ ಹೆಚ್ಚಿಸಬೇಕು.

ಸ್ಪ್ರೆಡರ್ ತುದಿಯನ್ನೂ ನೋಡಿ. ಶ್ರೌಡ್ ಸ್ಪ್ರೆಡರ್ ತುದಿಯಲ್ಲಿ ತಿರುಗುವ ಕೋನವನ್ನು ಸ್ಪ್ರೆಡರ್ ಸರಿ ಅರ್ಧ ಮಾಡಬೇಕು, ಅಂದರೆ ತುದಿ ತುಸು ಮೇಲಕ್ಕಿರುತ್ತದೆ. ಕೆಳಕ್ಕೆ ಜೋತ ಸ್ಪ್ರೆಡರ್‌ಗೆ ಬಿಗಿ ಏರಿದಂತೆ ತುದಿ ಇನ್ನೂ ಕೆಳಜಾರುವ ಒತ್ತಡ ಬೀಳುತ್ತದೆ. ಅದು ಜಾರಿದ ಕ್ಷಣ ಆ ಬದಿಯ ಬಿಗಿ ಪೂರ್ತಿ ಹೋಗಿ ಮಾಸ್ಟೇ ಮುರಿಯಬಹುದು. 400 ಕೆಜಿ ಹಾಕುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಲೇಬೇಕು.

ಕ್ಯಾಪ್ ಆದ ಮೇಲೆ ಲೋವರ್. ಮುಂದಿನ ಜೋಡಿ ಮೊದಲು, ಸುಮಾರು 10-12 ಶೇಕಡಾ. ಮಾಸ್ಟ್‌ನ ಮಧ್ಯಭಾಗ 20-40 ಮಿಮೀ ಮುಂದಕ್ಕೆ ಉಬ್ಬಿ ನಿಲ್ಲಬೇಕು. ಹ್ಯಾಲಿಯರ್ಡನ್ನು ಗೂಸ್‌ನೆಕ್ (ಬೂಮ್ ಮಾಸ್ಟ್‌ಗೆ ಸೇರುವ ಕೀಲು) ಬಳಿ ಮಾಸ್ಟ್‌ಗೆ ಒತ್ತಿ ಬಿಗಿಯಾಗಿ ಹಿಡಿದರೆ ಮಧ್ಯದ ಸಂದು ಕಣ್ಣಿಗೆ ಕಾಣುತ್ತದೆ. ಹಿಂದಿನ ಜೋಡಿ ಅದಕ್ಕಿಂತ ಕಡಿಮೆ, ಮಧ್ಯಭಾಗ ಅತಿಯಾಗಿ ಮುಂದೆ ಹೋಗದಂತೆ ತಡೆಯುವಷ್ಟು ಮಾತ್ರ. ಮಧ್ಯಭಾಗ ಹಿಂದಕ್ಕೆ ಬಾಗುವುದಂತೂ ಯಾವ ಸಂದರ್ಭದಲ್ಲೂ ಕೂಡದು. ಡೆಕ್ ಮೇಲೆ ನಿಲ್ಲುವ ಮಾಸ್ಟ್ ಅಲೆಯ ಹೊಡೆತಕ್ಕೆ ಹಾಗೆ ಹಿಂದೆ ಮಡಿಚಿದರೆ ತಡೆಯುವುದು ಕಷ್ಟ.

---

ನೀಲಿ_ದಿಗಂತ:

ಫೋರ್‌ಸ್ಟೇಯ ಬಿಗಿಯ ಬಗ್ಗೆ ಯಾರೂ ಹೇಳಲಿಲ್ಲ, ಜಿಬ್ ಬಾಗುವುದಕ್ಕೆ ಮದ್ದು ಅಲ್ಲಿಯೇ ಇದೆ. ಶ್ರೌಡ್ ಎಷ್ಟು ಬಿಗಿದರೂ ನಿಮ್ಮ ರಿಗ್‌ನಲ್ಲಿ ಫೋರ್‌ಸ್ಟೇ ನೆಟ್ಟಗಾಗುವುದಿಲ್ಲ, ಏಕೆಂದರೆ ನೇರ ಸ್ಪ್ರೆಡರ್‌ನ ಕ್ಯಾಪ್‌ಗಳು ಮಾಸ್ಟನ್ನು ಪಕ್ಕಕ್ಕೆ ಹಿಡಿಯುತ್ತವೆ, ಹಿಂದಕ್ಕೆ ಎಳೆಯುವುದಿಲ್ಲ. ಆ ಕೆಲಸ ಬ್ಯಾಕ್‌ಸ್ಟೇಯದು.

ಫರ್ಲರ್‌ನ ಫಾಯಿಲ್ (ಉದ್ದ ಕೊಳವೆ) ಒಳಗಿರುವ ತಂತಿಗೆ ಗೇಜೂ ಹಾಕಲಾಗದು, ಪಟ್ಟಿಯೂ ಕಟ್ಟಲಾಗದು. ಬ್ಯಾಕ್‌ಸ್ಟೇ ಅಳೆದು ಲೆಕ್ಕ ಹಾಕಬೇಕು. ಮಾಸ್ಟ್‌ನ ತುದಿಯನ್ನು ಮುಂದಕ್ಕೆ ಎಳೆಯುವ ಬಲವೂ ಹಿಂದಕ್ಕೆ ಎಳೆಯುವ ಬಲವೂ ಸಮ. ಮಾಸ್ಟ್ 12 ಮೀಟರ್ ಎತ್ತರ, ಫೋರ್‌ಸ್ಟೇ ಬುಡ ಮಾಸ್ಟ್‌ನಿಂದ 3.6 ಮೀಟರ್ ಮುಂದೆ, ಬ್ಯಾಕ್‌ಸ್ಟೇ ಬುಡ 4.8 ಮೀಟರ್ ಹಿಂದೆ ಇದೆ ಎನ್ನೋಣ. ಮಾಸ್ಟ್‌ಗೂ ಫೋರ್‌ಸ್ಟೇಗೂ ನಡುವೆ 16.7 ಡಿಗ್ರಿ, ಬ್ಯಾಕ್‌ಸ್ಟೇಗೆ 21.8 ಡಿಗ್ರಿ. ಅವುಗಳ ಸೈನ್ 0.287 ಮತ್ತು 0.371. ಹಾಗಾಗಿ ಫೋರ್‌ಸ್ಟೇಯಲ್ಲಿ ಬ್ಯಾಕ್‌ಸ್ಟೇಯ 1.29 ಪಟ್ಟು ಎಳೆತ: ಹಿಂದೆ 500 ಕೆಜಿ ಹಾಕಿದರೆ ಮುಂದೆ 645 ಕೆಜಿ. ನಿಮ್ಮ ದೋಣಿಯ ಅಳತೆ ಹಾಕಿಕೊಂಡು ನೋಡಿ.

ಬ್ಯಾಕ್‌ಸ್ಟೇಯಲ್ಲಿ 15 ಶೇಕಡಾ ಇಟ್ಟು ಶುರು ಮಾಡಿ, 20ರವರೆಗೆ ಹೋಗಬಹುದು. ಜೋರು ಗಾಳಿಯಲ್ಲಿ ಅಡ್ಜಸ್ಟರ್ ಇದ್ದರೆ ಇನ್ನೂ ತುಸು ಏರಿಸಿ, ಓಟ ಮುಗಿದ ಮೇಲೆ ಇಳಿಸಿಬಿಡಬೇಕು.

ಇನ್ನೊಂದು ಎಚ್ಚರಿಕೆ. ಹಿಂದಕ್ಕೆ ಓರೆಯಾದ ಸ್ಪ್ರೆಡರ್‌ನ ಫ್ರ್ಯಾಕ್ಷನಲ್ ರಿಗ್ (ಫೋರ್‌ಸ್ಟೇ ಮಾಸ್ಟ್‌ನ ತುದಿಗಿಂತ ಕೆಳಗೇ ಸೇರುವಂಥದ್ದು) ಇರುವವರು ಈ ಮೇಲಿನ ಕ್ರಮವನ್ನು ಹಾಗೇ ಅನುಸರಿಸಬೇಡಿ. ಅಲ್ಲಿ ಫೋರ್‌ಸ್ಟೇಯನ್ನು ಬಿಗಿಯಾಗಿ ಹಿಡಿಯುವ ಕೆಲಸದ ದೊಡ್ಡ ಪಾಲು ಕ್ಯಾಪ್‌ಗಳದು, ಮಾಸ್ಟ್‌ನ ಬಾಗನ್ನೂ ಅವೇ ಹುಟ್ಟಿಸುತ್ತವೆ, ಲೋವರ್‌ಗಳು ಆ ಬಾಗಿಗೆ ಕಡಿವಾಣ. ಅಲ್ಲಿ ಕ್ಯಾಪ್ 20 ಶೇಕಡಾ ಹತ್ತಿರವೇ ಇರಬೇಕಾಗುತ್ತದೆ.

ಲೂಸ್ (Loos) ಕಂಪನಿಯ ಟೆನ್ಷನ್ ಗೇಜ್ ಕೊಳ್ಳುವ ಯೋಚನೆಯಿದ್ದರೆ ಒಂದು ಮಾತು: ಅದರ ಮೇಲೆ ಕಾಣುವ ಅಂಕಿ ಕೆಜಿ ಅಲ್ಲ. ತಂತಿಯ ದಪ್ಪಕ್ಕೆ ತಕ್ಕಂತೆ ಜೊತೆಗೆ ಬರುವ ಪಟ್ಟಿ ನೋಡಿ ಪರಿವರ್ತಿಸಬೇಕು. 5 ಮಿಮೀ ತಂತಿಯ ಮೇಲಿನ 30, 6 ಮಿಮೀ ತಂತಿಯ ಮೇಲಿನ 30 ಬೇರೆ ಬೇರೆ ಎಳೆತ. "ನನ್ನದು 30ಕ್ಕೆ ಇಟ್ಟಿದ್ದೇನೆ" ಎಂದು ಯಾರಾದರೂ ಹೇಳಿದರೆ ತಂತಿಯ ದಪ್ಪ ಕೇಳದೆ ಅದನ್ನು ಅನುಸರಿಸಬೇಡಿ.

ತಂತಿ ಮೀಟಿ ಶಬ್ದ ಕೇಳಿ ಬಿಗಿ ಹೇಳುವವರಿದ್ದಾರೆ. 6 ಮಿಮೀ ತಂತಿ ಮೀಟರಿಗೆ ಸುಮಾರು 180 ಗ್ರಾಂ ತೂಗುತ್ತದೆ. ಡೆಕ್‌ನಿಂದ ಸ್ಪ್ರೆಡರ್‌ಗೆ 5 ಮೀಟರ್ ಇದ್ದು 420 ಕೆಜಿ ಎಳೆತವಿದ್ದರೆ ಅದು ಕಂಪಿಸುವುದು ಸೆಕೆಂಡಿಗೆ 15 ಸಲ. ಮನುಷ್ಯನ ಕಿವಿಗೆ 20ರ ಕೆಳಗೆ ಕೇಳಿಸುವುದೇ ಇಲ್ಲ. ಕೇಳಿಸುತ್ತಿರುವುದು ಅದರ ಮೇಲಿನ ಸ್ವರಗಳು, ಅವುಗಳಿಂದ ಎರಡು ಬದಿಯನ್ನು ಹೋಲಿಸಬಹುದೇನೋ, ಕೆಜಿ ಹೇಳಲಾಗದು.

---

ತೆರೆನೊರೆ:

ಮೂವರಿಗೂ ಧನ್ಯವಾದ. ಮಾಸ್ಟ್ ನೆಟ್ಟಗೆ ಮಾಡಿ, 2 ಮೀಟರ್ ಪಟ್ಟಿ ಕಟ್ಟಿ ಬಿಗಿಯಲು ಶುರು ಮಾಡಿದೆ. ಎರಡೂ ಬದಿ ಸಮವಾಗಿ ಮೂರು ಮೂರು ಪೂರ್ತಿ ಸುತ್ತು ಹಾಕಿದ ಮೇಲೂ ಸಂದು 0.6 ಮಿಮೀ ಮಾತ್ರ. ಅಂದರೆ 85 ಕೆಜಿಯೂ ಇಲ್ಲ. ಕೆಳಗಿನ ಕ್ಯಾಬಿನ್‌ನಲ್ಲಿ ಟಾಯ್ಲೆಟ್ ಬಾಗಿಲು ಮೊದಲಿಗಿಂತ ಬಿಗಿಯಾಗಿ ಉಜ್ಜುತ್ತಿದೆ. ಮುಂದುವರಿಯಲೇ, ನಿಲ್ಲಿಸಲೇ?

---

ಹಗ್ಗಗಂಟು:

ನಿಲ್ಲಿಸಿ. ಸುತ್ತಿದ್ದು ಎಲ್ಲಿಗೆ ಹೋಯಿತು ಎಂದು ತಿಳಿಯದೆ ಇನ್ನೊಂದು ಸುತ್ತೂ ಹಾಕಬೇಡಿ.

ಅರ್ಧ ಇಂಚಿನ ಟರ್ನ್‌ಬಕಲ್‌ನ ಥ್ರೆಡ್ ಇಂಚಿಗೆ 20, ಒಂದರಿಂದ ಒಂದಕ್ಕೆ 1.27 ಮಿಮೀ. ಮೇಲೂ ಕೆಳಗೂ ಎರಡು ಥ್ರೆಡ್ ಒಟ್ಟಿಗೆ ಒಳಸೇರುವುದರಿಂದ ಒಂದು ಪೂರ್ತಿ ಸುತ್ತಿಗೆ 2.54 ಮಿಮೀ. ಮೂರು ಸುತ್ತಿಗೆ 7.6 ಮಿಮೀ. ಅಷ್ಟೂ ತಂತಿಯೇ ಹಿಗ್ಗಿದ್ದರೆ 10.5 ಮೀಟರಿಗೆ ಹಂಚಿ 2 ಮೀಟರ್‌ನಲ್ಲಿ 1.45 ಮಿಮೀ ಕಾಣಬೇಕಿತ್ತು. ನಿಮಗೆ ಕಂಡದ್ದು 0.6. ಉಳಿದದ್ದನ್ನು ಬೇರೆ ಏನೋ ನುಂಗಿದೆ.

ಮಾಸ್ಟ್ ಕುಗ್ಗಿದ್ದು ಇರಬಹುದೇ? ಇಲ್ಲ. ಈ ಗಾತ್ರದ ಅಲ್ಯುಮಿನಿಯಂ ಮಾಸ್ಟ್ ಎರಡೂ ಕ್ಯಾಪ್ 420 ಕೆಜಿಗೆ ಬಂದಾಗಲೂ ಕುಗ್ಗುವುದು ಒಂದು ಮಿಮೀ ಆಸುಪಾಸು ಮಾತ್ರ. ಮೊದಲ ಒಂದು ಸುತ್ತು ಟಾಗಲ್ (ಕೀಲುತುಂಡು), ಪಿನ್‌ಗಳ ಸಡಿಲ ತೆಗೆಯುವುದರಲ್ಲಿ ಹೋಗಿರಬಹುದು, ಅದು ಸಹಜ. ತಂತಿ ಹೊಸದಾಗಿದ್ದರೆ ಎಳೆಗಳು ಒಂದಕ್ಕೊಂದು ಕೂತುಕೊಳ್ಳುವುದರಲ್ಲಿ ಸ್ವಲ್ಪ ಹೋಗುತ್ತದೆ. ಆದರೆ ಬಾಗಿಲು ಉಜ್ಜುತ್ತಿದೆ ಎಂದಿರಲ್ಲ, ಅದು ಬೇರೆ ಕಡೆಗೆ ಬೆರಳು ತೋರಿಸುತ್ತದೆ: ಮಾಸ್ಟ್‌ನ ಬುಡ ಕೆಳಗಿಳಿಯುತ್ತಿದೆ.

ಪೂರ್ತಿ ಬಿಗಿದ ರಿಗ್‌ನಲ್ಲಿ ಮಾಸ್ಟ್‌ನ ಬುಡಕ್ಕೆ ಬೀಳುವ ಭಾರ ಕೂಡಿಸಿ ನೋಡಿ. ಎರಡು ಕ್ಯಾಪ್ 840, ನಾಲ್ಕು ಲೋವರ್ ತಲಾ 300ರಂತೆ 1,200, ಫೋರ್‌ಸ್ಟೇ ಬ್ಯಾಕ್‌ಸ್ಟೇ ಎರಡರಿಂದ ಕೆಳಮುಖವಾಗಿ ಸುಮಾರು 1,080. ಮೂರು ಟನ್ ದಾಟಿತು, ಗಾಳಿಯಿನ್ನೂ ಬೀಸಿಲ್ಲ. ಡೆಕ್ ಮೇಲೆ ನಿಲ್ಲುವ ಮಾಸ್ಟ್‌ನಲ್ಲಿ ಈ ಭಾರವನ್ನು ಡೆಕ್ ಅಲ್ಲ, ಅದರ ಕೆಳಗಿರುವ ಕಂಬವೋ ಬಲ್ಕ್‌ಹೆಡ್‌ನ (ಒಳಗಿನ ಅಡ್ಡಗೋಡೆಯ) ಚೌಕಟ್ಟೋ ಕೀಲ್‌ಗೆ (ದೋಣಿಯ ತಳದ ಬೆನ್ನೆಲುಬಿಗೆ) ದಾಟಿಸಬೇಕು.

ಆ ದಾರಿಯನ್ನು ಮೇಲಿನಿಂದ ಕೆಳಗೆ ಪರೀಕ್ಷಿಸಿ. ಮಾಸ್ಟ್ ಬುಡದ ಸುತ್ತ ಡೆಕ್ ಮೇಲೆ ಉದ್ದದ ನೇರ ಪಟ್ಟಿ ಇಟ್ಟು ತಗ್ಗು ಇದೆಯೇ ನೋಡಿ. ಜೆಲ್‌ಕೋಟ್‌ನಲ್ಲಿ (ಡೆಕ್‌ನ ಹೊರಪದರದಲ್ಲಿ) ಬುಡದ ಸುತ್ತ ಉಂಗುರದಂತೆ ಬಿರುಕಿದ್ದರೆ ಅದು ಕುಸಿತದ ಗುರುತು. ಸುತ್ತಿಗೆಯ ಪ್ಲಾಸ್ಟಿಕ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ಡೆಕ್ ಟಣ್ ಎನ್ನುತ್ತದೆ, ಒಳಗಿನ ಬಾಲ್ಸಾ ಅಥವಾ ಪ್ಲೈವುಡ್ ಕೊಳೆತಿದ್ದರೆ ಸದ್ದು ಮಂಕಾಗುತ್ತದೆ. ವೈರಿಂಗ್‌ಗೆ, ಸ್ಕ್ರೂಗೆ ಕೊರೆದ ರಂಧ್ರಗಳಿಂದ ನೀರಿಳಿದು ಈ ಕೊಳೆತ ಶುರುವಾಗುತ್ತದೆ. ಕೆಳಗೆ ಕಂಬದ ತಲೆಗೂ ಡೆಕ್‌ಗೂ ನಡುವೆ ತೆಳು ಬ್ಲೇಡ್ ತೂರುತ್ತದೆಯೇ ನೋಡಿ. ಕೊನೆಗೆ ಕಂಬದ ಪಾದ. ಅದು ಬಿಲ್ಜ್‌ನಲ್ಲಿ (ಒಡಲಿನ ತೀರಾ ತಳದಲ್ಲಿ) ಮರದ ತುಂಡಿನ ಮೇಲೆ ಕೂತಿರುವ ದೋಣಿಗಳೇ ಹೆಚ್ಚು, ಆ ಮರ ಸದಾ ಒದ್ದೆ. ಚೂಪಾದ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಹೋದರೆ ರೋಗ ಅಲ್ಲೇ ಇದೆ.

ಚೈನ್‌ಪ್ಲೇಟ್ ಕೂಡ ನೋಡಿ. ಅದು ಬಲ್ಕ್‌ಹೆಡ್‌ಗೆ ಬೋಲ್ಟ್ ಆಗಿದ್ದರೆ, ಡೆಕ್‌ನ ಸೀಲ್ ಸೋರಿ ಪ್ಲೈವುಡ್ ಕಪ್ಪಾಗಿದೆಯೇ, ಬೋಲ್ಟ್ ರಂಧ್ರ ಮೇಲ್ಮುಖವಾಗಿ ಉದ್ದವಾಗಿದೆಯೇ ಎಂದು. ಬಿಗಿಯುವ ಮೊದಲು ಚೈನ್‌ಪ್ಲೇಟ್ ಡೆಕ್ ದಾಟುವಲ್ಲಿ ಪೆನ್ಸಿಲ್ ಗೆರೆ ಎಳೆದಿಟ್ಟರೆ ಮೇಲೆ ಬಂದದ್ದು ತಿಳಿಯುತ್ತದೆ.

---

ತೆರೆನೊರೆ:

ಚೈನ್‌ಪ್ಲೇಟ್ ಗಟ್ಟಿಯಿದೆ, ಡೆಕ್‌ನ ಸದ್ದೂ ಚೆನ್ನಾಗಿದೆ. ಕಂಬದ ಪಾದದ ಮರದ ದಿಮ್ಮಿ ಒಂದು ಅಂಚಿನಲ್ಲಿ ಮೆತ್ತಗಾಗಿದೆ, ಸ್ಕ್ರೂಡ್ರೈವರ್ 15 ಮಿಮೀ ಒಳಹೋಯಿತು. ಮಾಸ್ಟ್ ಇಳಿಸದೆ ಬದಲಿಸಬಹುದೇ?

---

ಹಗ್ಗಗಂಟು:

ಆಗುತ್ತದೆ. ಎಲ್ಲ ತಂತಿಯನ್ನೂ ಕೈಬಿಗಿಗೆ ಸಡಿಲಿಸಿ, ಬೂಮ್ ತೆಗೆದಿಡಿ, ಗಾಳಿ ಅಲೆ ಇಲ್ಲದ ದಿನ ನೋಡಿಕೊಳ್ಳಿ. ಆಗ ಕಂಬದ ಮೇಲೆ ಉಳಿಯುವುದು ಮಾಸ್ಟ್‌ನ ತೂಕ, ತಂತಿಯ ತೂಕ ಮಾತ್ರ. ಪಕ್ಕದಲ್ಲಿ ದಪ್ಪ ಮರದ ತೊಲೆ ನಿಲ್ಲಿಸಿ, ಬಾಟಲ್ ಜ್ಯಾಕ್‌ನಿಂದ ಡೆಕ್ ತೊಲೆಯನ್ನು 3-4 ಮಿಮೀ ಎತ್ತಿದರೆ ದಿಮ್ಮಿ ಹೊರಬರುತ್ತದೆ. ಜ್ಯಾಕ್‌ನ ಮೇಲೆ ಕೆಳಗೆ ಅಗಲವಾದ ಹಲಗೆ ಇರಲಿ, ಇಲ್ಲದಿದ್ದರೆ ಒಡಲಿಗೆ ಚುಚ್ಚುತ್ತದೆ. ಹೊಸ ದಿಮ್ಮಿಗೆ ಮರದ ಬದಲು ಎಪಾಕ್ಸಿ-ಗ್ಲಾಸ್‌ನ ಗಟ್ಟಿ ಹಲಗೆ ಹಾಕಿ, ಅದು ಕೊಳೆಯುವುದಿಲ್ಲ. ಕೆಳಗೆ ನೀರು ಹರಿದುಹೋಗಲು ದಾರಿ ಬಿಡಿ. ಹಳೆಯದರ ಎತ್ತರ ಮೆತ್ತಗಾಗದ ಅಂಚಿನಲ್ಲಿ ಅಳೆಯಿರಿ, ಕುಸಿದ ಅಂಚಿನಲ್ಲಲ್ಲ.

---

ಪಡುವಣ_ಗಾಳಿ:

ದಿಮ್ಮಿ ಸರಿಯಾದ ಮೇಲೆ ಮತ್ತೆ ಸೊನ್ನೆಯಿಂದ ಶುರು ಮಾಡಿ, ಹಳೆಯ ಅಳತೆ ಯಾವುದೂ ನಿಲ್ಲುವುದಿಲ್ಲ. ಟರ್ನ್‌ಬಕಲ್ ತಿರುಗಿಸುವ ಮೊದಲು ಥ್ರೆಡ್ ಒರೆಸಿ ಲ್ಯಾನೊಲಿನ್ ಹಚ್ಚಿ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಿದ್ದಾಗ ಭಾರ ಹೊತ್ತು ತಿರುಗಿದರೆ ಲೋಹ ಕಿತ್ತು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆಮೇಲೆ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ಕತ್ತರಿಸಿಯೇ ತೆಗೆಯಬೇಕು. ತಿರುಗಿಸುವಾಗ ಮೇಲಿನ ಟರ್ಮಿನಲ್‌ಗೆ ಇನ್ನೊಂದು ಸ್ಪ್ಯಾನರ್ ಹಿಡಿದಿರಬೇಕು, ಇಲ್ಲವಾದರೆ ತಂತಿಯೇ ತಿರುಚಿಕೊಳ್ಳುತ್ತದೆ. ಕೆಲಸ ಮುಗಿದಾಗ ಎರಡೂ ತುದಿಯ ಥ್ರೆಡ್ ಕಡಿಮೆಯೆಂದರೆ 19 ಮಿಮೀ ಒಳಗಿರಲಿ, ಅಂದರೆ ದಪ್ಪದ ಒಂದೂವರೆ ಪಟ್ಟು.

ದಡದಲ್ಲಿ ಕಟ್ಟಿ ಹಿಡಿದ ಅಳತೆ ಅರ್ಧ ಕೆಲಸ ಮಾತ್ರ. 12-15 ನಾಟ್ ಗಾಳಿಯಲ್ಲಿ ಪೂರ್ತಿ ಹಾಯಿ ಏರಿಸಿ, ದೋಣಿ 15-20 ಡಿಗ್ರಿ ವಾಲುವಂತೆ ಗಾಳಿಗೆದುರು ಓಡಿಸಿ. ಮಾಸ್ಟ್‌ನ ಬುಡದಲ್ಲಿ ಕೆನ್ನೆ ಒತ್ತಿ ಹಾಯಿ ತೂರುವ ತೋಡಿನ ಉದ್ದಕ್ಕೂ ಮೇಲೆ ನೋಡಿ. ಮಾಸ್ಟ್ ಗೆರೆ ಎಳೆದಂತೆ ನೆಟ್ಟಗಿರಬೇಕು. ತುದಿ ಮರೆಬದಿಗೆ ಬಾಗಿದ್ದರೆ ಕ್ಯಾಪ್ ಕಡಿಮೆ. ಮಧ್ಯ ಮರೆಬದಿಗೆ ಉಬ್ಬಿದ್ದರೆ ಲೋವರ್ ಕಡಿಮೆ. ತುದಿ ಬಾಗಿದಂತೆ ಕಂಡರೂ ಕ್ಯಾಪ್ ಅಳತೆ ಸರಿಯಿದೆ ಎಂದಾದರೆ ಲೋವರ್ ಅತಿ ಬಿಗಿಯಾಗಿ ಮಧ್ಯಭಾಗವನ್ನು ಗಾಳಿಬದಿಗೆ ಎಳೆದಿದೆ, ಅದನ್ನು ಬಿಡಬೇಕು.

ಗಾಳಿಬದಿಯ ತಂತಿ ಭಾರ ಹೊತ್ತಿರುವಾಗ ಅದರ ಟರ್ನ್‌ಬಕಲ್ ಮುಟ್ಟಬೇಡಿ. ದಿಕ್ಕು ಬದಲಿಸಿ, ಅದೇ ತಂತಿ ಮರೆಬದಿಗೆ ಬಂದ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಮೊದಲಿನ ದಿಕ್ಕಿಗೆ ಬಂದು ನೋಡಿ. ಎರಡೂ ಬದಿಗೆ ಅಷ್ಟೇ ಸುತ್ತು. 20 ಡಿಗ್ರಿ ವಾಲಿದಾಗ ಮರೆಬದಿಯ ಕ್ಯಾಪ್‌ನ ಬಿಗಿ ಇಳಿದಿರಬಹುದು, ಆದರೆ ಜೋತಾಡಬಾರದು. ನಿಮ್ಮ ಮೊದಲ ದೂರಿಗೆ ಪರೀಕ್ಷೆ ಇದೇ.

---

ತೆರೆನೊರೆ:

ದಿಮ್ಮಿ ಬದಲಾಯಿತು. ಕ್ಯಾಪ್ ಈಗ 3.2 ಮಿಮೀ, ಬ್ಯಾಕ್‌ಸ್ಟೇ 3 ಮಿಮೀ, ಬಾಗಿಲು ಸಲೀಸಾಗಿ ತೆರೆಯುತ್ತದೆ. 14 ನಾಟ್‌ನಲ್ಲಿ ಮರೆಬದಿಯ ಶ್ರೌಡ್ ಆಡುವುದು ನಿಂತಿದೆ, ಮಾಸ್ಟ್ ನೆಟ್ಟಗಿದೆ. ಕೊನೆಯದಾಗಿ ಎರಡು ಸಂಶಯ: ಬಿಸಿಲಿಗೆ, ಚಳಿಗೆ ಬಿಗಿ ಬದಲಾಗುತ್ತದೆಯೇ? ಓಡಿಸದೆ ಇಟ್ಟಾಗ ಎಲ್ಲವನ್ನೂ ಸಡಿಲಿಸಬೇಕೇ?

---

ನೀಲಿ_ದಿಗಂತ:

ಬದಲಾಗುತ್ತದೆ, ಆದರೆ ಅಲ್ಪ. ಬಿಸಿಯಾದಾಗ ಅಲ್ಯುಮಿನಿಯಂ ಸ್ಟೇನ್‌ಲೆಸ್‌ಗಿಂತ ಹೆಚ್ಚು ಹಿಗ್ಗುತ್ತದೆ. 10.5 ಮೀಟರಿಗೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ ಮಾಸ್ಟ್ ತಂತಿಗಿಂತ ಸುಮಾರು 1.5 ಮಿಮೀ ಹೆಚ್ಚು ಉದ್ದವಾಗುತ್ತದೆ, ಬಿಗಿ ಹೆಚ್ಚೆಂದರೆ ಒಂದೂವರೆ ಶೇಕಡಾ ಏರುತ್ತದೆ. 40 ಕೆಜಿ. ಅದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ, ಆದರೆ ಅಳತೆ ಬೆಳಿಗ್ಗೆ ತೆಗೆದಿದ್ದರೆ ಮುಂದಿನ ಸಲವೂ ಬೆಳಿಗ್ಗೆಯೇ ತೆಗೆಯಿರಿ.

ಬ್ಯಾಕ್‌ಸ್ಟೇಗೆ ಅಡ್ಜಸ್ಟರ್ ಇದ್ದರೆ ಪ್ರತಿ ಓಟದ ನಂತರ ಬಿಡಿ. ಕ್ಯಾಪ್, ಲೋವರ್‌ಗಳನ್ನು ಮುಟ್ಟಬೇಡಿ. ಸಡಿಲ ಬಿಟ್ಟ ರಿಗ್ ಕಟ್ಟಿದ ಜಾಗದಲ್ಲೇ ಗಾಳಿಗೆ ನಡುಗುತ್ತ ಎಳೆಗಳನ್ನು ಸವೆಸುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ಎಲ್ಲ ತಂತಿಗೂ ಸಮನಾಗಿ ಒಂದೆರಡು ಸುತ್ತು ಇಳಿಸಬಹುದು. ಎಷ್ಟು ಇಳಿಸಿದಿರಿ ಎಂದು ಬರೆದಿಡಿ, ಪಿನ್ ಮತ್ತೆ ಹಾಕಿಯೇ ಹೋಗಿ.

ಪಿನ್ ಎಂದಾಗ ನೆನಪಾಯಿತು, ಈಗಿನ ಅಳತೆಗೆ ಟರ್ನ್‌ಬಕಲ್‌ಗಳಿಗೆ ಸ್ಪ್ಲಿಟ್ ಪಿನ್ ಹಾಕಿದ್ದೀರಾ? ಉದ್ದ ರಂಧ್ರದ ಆಚೆಗೆ ಸ್ವಲ್ಪ ಮಾತ್ರ ಚಾಚಲಿ, ಕಾಲುಗಳನ್ನು 10-15 ಡಿಗ್ರಿ ಅಗಲಿಸಿದರೆ ಸಾಕು. ಪೂರ್ತಿ ಹಿಂದಕ್ಕೆ ಮಡಚಿದ ಪಿನ್ ತುರ್ತಿನಲ್ಲಿ ಹೊರಬರುವುದಿಲ್ಲ. ಚೂಪು ತುದಿ ಹಾಯಿ ಹರಿಯದಂತೆ ಒಂದು ಸುತ್ತು ಟೇಪ್ ಹಾಕಿ, ಟರ್ನ್‌ಬಕಲ್‌ನ ಇಡೀ ದೇಹವನ್ನು ಟೇಪಿನಿಂದ ಮುಚ್ಚಬೇಡಿ, ಒಳಗೆ ಉಪ್ಪುನೀರು ನಿಂತು ಸ್ಟೇನ್‌ಲೆಸ್ ಕೊರೆಯುತ್ತದೆ. ಕೆಲವು ಗಂಟೆ ಜೋರು ಗಾಳಿಯಲ್ಲಿ ಓಡಿದ ಮೇಲೆ 3.2 ಮಿಮೀ ಹಾಗೇ ಇದೆಯೇ ನೋಡಿ. ಇಳಿದಿದ್ದರೆ ಹೊಸ ದಿಮ್ಮಿ ಕೂತುಕೊಂಡಿದೆ ಎಂದರ್ಥ, ಒಮ್ಮೆ ಸರಿಮಾಡಿ. ಎರಡನೆಯ ಸಲವೂ ಅಷ್ಟೇ ಇಳಿದರೆ ಮತ್ತೆ ಕೆಳಗಿಳಿದು ಕಂಬದ ಪಾದ ನೋಡಬೇಕಾಗುತ್ತದೆ.